ಬೋರಮಾಳ ಕಳೆದುಕೊಂಡ ಅಕ್ಕೋರಿಗೆ

ಗುಜರಿ ಆಯುವ ಯುವಕನೊಬ್ಬನನ್ನು ಯಾವ ದಾಖಲೆಯೂ ಇಲ್ಲದೆ ಮೂರು ದಿನ ಠಾಣೆಯಲ್ಲಿ ಇರಿಸಿಕೊಂಡಿದ್ದರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಲೇಖನ ಪ್ರಕಟಿಸಿದ್ದೆವು. ಅದನ್ನು ಓದಿ ಧಾರವಾಡ ಸೀಮೆಯ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇದು:

"ನಿಮ್ಮ ಲೇಖನ ಓದಿ ಸಿಟ್ಟು ಬಂತು. ಎರಡು ತಿಂಗಳ ಹಿಂದೆ ನಮ್ಮ ಮನೆಯ ಬೀಗ ಮುರಿದು ಕಪಾಟಿನಲ್ಲಿದ್ದ ಬೋರಮಾಳ ಸರವನ್ನು ಒಯ್ದರು. ನನ್ನ ಅವ್ವ ಮದುವೆಯಲ್ಲಿ ನನಗೆ ಹಾಕಿದ ಸರ ಅದು. ಮರುದಿನವೇ ಪೊಲೀಸರು ಊರಾಚೆಯ ಗುಡಿಸಲುಗಳಿಂದ ಇಬ್ಬರು ಹುಡುಗರನ್ನು ಕರೆತಂದು ವಿಚಾರಿಸಿದರು. ಸರ ಸಿಗಲಿಲ್ಲ, ಹುಡುಗರನ್ನು ಬಿಟ್ಟರು. ಅಂಥವರನ್ನು ವಿಚಾರಿಸಬಾರದು ಎಂದರೆ ಪೊಲೀಸರು ಮತ್ತೆಲ್ಲಿಗೆ ಹೋಗಬೇಕು? ಬಡತನ ಕಳ್ಳತನಕ್ಕೆ ಪರವಾನಗಿಯೇ? ಕಳೆದುಕೊಂಡವರ ಸಂಕಟ ನಿಮ್ಮ ಪತ್ರಿಕೆಗೆ ಕಾಣುವುದಿಲ್ಲವೇ?"

ಸಂಪಾದಕರ ಉತ್ತರ:

ಅಕ್ಕೋರೇ,

ನಮ್ಮ ಕಡೆ ಶಾಲೆಯ ಮಕ್ಕಳು ಶಿಕ್ಷಕಿಯನ್ನು ಹೀಗೆಯೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಬೇಕು. ಆ ಲೇಖನದಲ್ಲಿ ಕಳವಾದ ಮನೆಯವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ನಮ್ಮ ತಪ್ಪು. ಅವ್ವ ಹಾಕಿದ ಸರಕ್ಕೆ ತೂಕ ನೋಡಿ ಬೆಲೆ ಕಟ್ಟಲಾಗುವುದಿಲ್ಲ. ಅದು ಮರಳಿ ಸಿಗಲಿ ಎಂದು ನೀವು ಬಯಸುವುದು ನ್ಯಾಯ. ನಾನೂ ಅದನ್ನೇ ಬಯಸುತ್ತೇನೆ, ಮುಂದೆ ಬರೆಯುವುದೆಲ್ಲ ಆ ಬಯಕೆಯಿಂದಲೇ ಹುಟ್ಟಿದ್ದು.

ಪೊಲೀಸರು ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದೀರಿ. ಅವರು ಮೊದಲು ಬರಬೇಕಾದದ್ದು ನಿಮ್ಮ ಮನೆಗೆ. ಬೀಗ ಹೇಗೆ ಮುರಿಯಿತು, ಕಪಾಟಿನ ಮೇಲೆ ಯಾರ ಬೆರಳಚ್ಚು ಇದೆ, ಆ ದಿನ ನೀವು ಊರಲ್ಲಿ ಇರುವುದಿಲ್ಲವೆಂದು ಯಾರಿಗೆ ಗೊತ್ತಿತ್ತು, ಓಣಿಯ ಸಿಸಿಟಿವಿಯಲ್ಲಿ ಏನು ದಾಖಲಾಗಿದೆ, ಆ ವಾರ ಸುತ್ತಲಿನ ಪೇಟೆಗಳ ಗಿರವಿ ಅಂಗಡಿಗಳಿಗೆ ಬೋರಮಾಳ ಬಂದಿತ್ತೇ ಎಂದೆಲ್ಲ ನೋಡಬೇಕು. ನಿಮ್ಮ ನಾಲ್ಕು ಪುಟಗಳಲ್ಲಿ ಇವುಗಳ ಪ್ರಸ್ತಾಪವೇ ಇಲ್ಲ. ಇರುವುದು ಗುಡಿಸಲುಗಳ ಸುದ್ದಿ ಮಾತ್ರ. ಕಳವಿನಿಂದ ಕಳ್ಳನ ಕಡೆಗೆ ಹೋಗುವುದು ತನಿಖೆ. ನಿಮ್ಮ ಪ್ರಕರಣದಲ್ಲಿ ಮೊದಲು ಹುಡುಗರನ್ನು ತಂದರು, ಆಮೇಲೆ ಅವರ ಬಳಿ ನಿಮ್ಮ ಕಳವನ್ನು ಹುಡುಕಿದರು. ಅಷ್ಟರಲ್ಲಿ ಸರ ಒಯ್ದವನಿಗೆ ದೂರ ಹೋಗಲು ಬೇಕಾದ ಸಮಯ ಸಿಕ್ಕಿತು.

ಊರಾಚೆಯ ಗುಡಿಸಲುಗಳ ದಾರಿ ಪೊಲೀಸರಿಗೆ ಇಷ್ಟು ಸಲೀಸಾಗಿ ಗೊತ್ತಾದದ್ದು ಹೇಗೆ ಎಂಬುದಕ್ಕೆ ಒಂದು ಚರಿತ್ರೆ ಇದೆ. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಸೆಟ್ಲಮೆಂಟ್ ಎಂದು ಕರೆಯುವ ಬಡಾವಣೆಗಳಿವೆ. ನೀವೂ ಆ ಹೆಸರನ್ನು ಕೇಳಿರುತ್ತೀರಿ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದಿತು. ಒಂದು ಇಡೀ ಸಮುದಾಯ ಅಪರಾಧಕ್ಕೆ ಅಂಟಿಕೊಂಡಿದೆ ಎಂದು ಸರ್ಕಾರ ಘೋಷಿಸಿದರೆ ಸಾಕು, ಅದನ್ನು ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ವ್ಯವಸ್ಥೆ 1911ರ ಕಾಯ್ದೆಯ ಮೂಲಕ ಬಾಂಬೆ, ಮದ್ರಾಸ್ ಪ್ರಾಂತ್ಯಗಳಿಗೂ ಬಂತು. ವಿಜಯಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ತಂತಿಬೇಲಿಯ ವಸಾಹತುಗಳು ಎದ್ದವು. ಒಳಗಿದ್ದವರು ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸ್ ಪಡೆಯಬೇಕು. ಗಂಟಿಚೋರರು, ಕೊರಚರು, ಹರಣಶಿಕಾರಿಗಳು, ಛಪ್ಪರಬಂದರು ಹೀಗೆ ಬದುಕಿದವರು. ಅಲ್ಲಿ ಹುಟ್ಟಿದ ಮಗುವಿನ ಮೇಲೂ ಹುಟ್ಟಿನಿಂದಲೇ ಗುಮಾನಿ ಇತ್ತು.

ಕೊರಚರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದು ಶಾಲೆಯ ಪಾಠದಲ್ಲಿ ಬರುವುದಿಲ್ಲ. ಅವರು ಕತ್ತೆ, ಎತ್ತುಗಳ ಮೇಲೆ ಕರಾವಳಿಯಿಂದ ಉಪ್ಪು ಹೇರಿಕೊಂಡು ಒಳನಾಡಿನ ಹಳ್ಳಿಗಳಿಗೆ ತಂದು, ಅದಕ್ಕೆ ಬದಲಾಗಿ ಧಾನ್ಯ ಪಡೆಯುತ್ತಿದ್ದ ವ್ಯಾಪಾರಿಗಳು. ಲಂಬಾಣಿಗರ ಎತ್ತಿನ ಹಿಂಡುಗಳು ಸೈನ್ಯಗಳಿಗೆ ದವಸ ಹೊತ್ತವು. ಮುಂದೆ ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಅರಣ್ಯದಲ್ಲಿ ದನ ಮೇಯಿಸುವುದಕ್ಕೆ ನಿರ್ಬಂಧ ಬಂತು. ತಲೆಮಾರುಗಳ ಕಸುಬು ಕೆಲವೇ ದಶಕಗಳಲ್ಲಿ ಮುರಿದುಬಿತ್ತು. ಕಸುಬು ಕಳೆದುಕೊಂಡು ಊರಿಂದೂರಿಗೆ ಅಲೆಯುವವರನ್ನು ಕಂಡ ಅಧಿಕಾರಿಗಳು ಇವರು ಅಲೆಯುವುದೇ ಕದಿಯಲಿಕ್ಕೆ ಎಂದು ಬರೆದುಕೊಂಡರು. ಹಸಿವು ತಾಳದೆ ಕದ್ದವರೂ ಅವರಲ್ಲಿ ಇದ್ದರು, ಅದನ್ನು ನಾನು ಮುಚ್ಚಿಡುವುದಿಲ್ಲ. ಕದ್ದವನಿಗೆ ಶಿಕ್ಷೆಯಾಗಲಿ. ಆದರೆ ಅವನ ಜಾತಿಯಲ್ಲಿ ಹುಟ್ಟಿದವರೆಲ್ಲ ಬೇಲಿಯೊಳಗೆ ಹಾಜರಿ ಕೊಡಬೇಕಾಯಿತು.

ಆ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ಬೇಲಿ ಕಿತ್ತರು, ಸಮುದಾಯಗಳಿಗೆ ವಿಮುಕ್ತರೆಂಬ ಹೆಸರು ಬಂತು. ಆದರೆ ಅದರ ಜಾಗದಲ್ಲಿ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ಇಟ್ಟುಕೊಂಡವು. ನಮ್ಮಲ್ಲಿಯೂ 1961ರ ಕಾಯ್ದೆ ಇದೆ. ಅದು ಸಮುದಾಯವನ್ನು ಹೆಸರಿಸುವುದಿಲ್ಲ, ವ್ಯಕ್ತಿಯನ್ನು ಹೆಸರಿಸುತ್ತದೆ. ಆ ವ್ಯಕ್ತಿಯನ್ನು ಎಲ್ಲಿ ಹುಡುಕಬೇಕು ಎಂಬ ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು. 1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ವಿಮುಕ್ತರಾದ ಖೇರಿಯಾ ಶಬರ ಸಮುದಾಯದ ಬುಧನ್ ಶಬರ್ ಬಂಧನದಲ್ಲಿ ಸತ್ತರು. ಲೇಖಕಿ ಮಹಾಶ್ವೇತಾ ದೇವಿ ಅದರ ಬೆನ್ನು ಹತ್ತಿದರು, ಕಲ್ಕತ್ತಾ ಹೈಕೋರ್ಟು ಸಿಬಿಐ ತನಿಖೆಗೆ ಆದೇಶಿಸಿತು. ಅವರ ಜೊತೆಗೂಡಿ ವಿಮುಕ್ತರ ಹಕ್ಕುಗಳಿಗಾಗಿ ಸಂಘಟನೆ ಕಟ್ಟಿದ ಗಣೇಶ ದೇವಿಯವರು ಮುಂದೆ ನಿಮ್ಮ ಧಾರವಾಡದಲ್ಲಿಯೇ ನೆಲೆಸಿದರು.

ಪಟ್ಟಿಯಲ್ಲಿ ಒಮ್ಮೆ ಹೆಸರು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಖರಕ್ ಸಿಂಗ್ ಪ್ರಕರಣ ನೋಡಿ. 1941ರಲ್ಲಿ ಉತ್ತರ ಪ್ರದೇಶದ ಈ ವ್ಯಕ್ತಿಯನ್ನು ಡಕಾಯಿತಿಯ ಗುಮಾನಿಯ ಮೇಲೆ ಹಿಡಿದರು. ಸಾಕ್ಷ್ಯವಿಲ್ಲವೆಂದು ಬಿಟ್ಟರು. ಆದರೂ ಅವರ ಹೆಸರಿನಲ್ಲಿ ಹಿಸ್ಟರಿ ಶೀಟ್, ಅಂದರೆ ಗುಮಾನಿಯ ವ್ಯಕ್ತಿಯ ಮೇಲೆ ಕಣ್ಣಿಡಲು ಠಾಣೆಯಲ್ಲಿ ಇಡುವ ಕಡತ, ತೆರೆದರು. ಆಮೇಲೆ ರಾತ್ರಿ ಹೊತ್ತು ಪೊಲೀಸರು ಬಂದು ಬಾಗಿಲು ತಟ್ಟುವುದು, ನಿದ್ದೆಯಿಂದ ಎಬ್ಬಿಸುವುದು ನಡೆದೇ ಇತ್ತು. ಈ ರಾತ್ರಿ ಭೇಟಿಗಳು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1962ರಲ್ಲಿ. ಖಾಸಗಿತನ ಮೂಲಭೂತ ಹಕ್ಕಲ್ಲ ಎಂದು ಅದೇ ತೀರ್ಪಿನಲ್ಲಿದ್ದ ಮಾತನ್ನು ತೊಡೆದುಹಾಕಲು 2017 ಬರಬೇಕಾಯಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಈಗ ನನ್ನ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ವರದಿಗಾರನಾಗಿ ಸೇರಿದ ಹೊಸದರಲ್ಲಿ ದಿನಾ ಸಂಜೆ ಅಪರಾಧ ಸುದ್ದಿಗಾಗಿ ಒಂದು ಠಾಣೆಗೆ ಹೋಗುತ್ತಿದ್ದೆ. ಒಂದು ದಿನ ಒಳಗಿನ ಪಡಸಾಲೆಯಲ್ಲಿ ಮೂವರನ್ನು ಒಳಚಡ್ಡಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಗುಮಾನಿಯ ಮೇಲೆ ತಂದಿದ್ದೇವೆ ಎಂದರು. ಹೊರಗೆ ಬೇವಿನ ಮರದ ಕೆಳಗೆ ಮೂವರು ಹೆಂಗಸರು ಬುತ್ತಿ ಹಿಡಿದು ಕುಳಿತಿದ್ದರು. ಮರುದಿನದ ಪತ್ರಿಕೆಯಲ್ಲಿ ನಾನು 'ಕಳವು: ಮೂವರು ವಶಕ್ಕೆ' ಎಂದು ಬರೆದೆ. ನಾಲ್ಕನೆಯ ದಿನ ಅವರನ್ನು ಬಿಟ್ಟರು. ಅದನ್ನು ನಾನು ಬರೆಯಲಿಲ್ಲ. ಅವರಲ್ಲಿ ಒಬ್ಬ ಗೌಂಡಿ ಕೆಲಸಕ್ಕೆ ಹೋಗುವವನು. ಪೊಲೀಸರು ಒಯ್ದವನು ನಮಗೆ ಬೇಡ ಎಂದು ಮೇಸ್ತ್ರಿ ಅವನನ್ನು ಮತ್ತೆ ಸೇರಿಸಿಕೊಳ್ಳಲಿಲ್ಲವೆಂದು ಆಮೇಲೆ ತಿಳಿಯಿತು. ಮೇಸ್ತ್ರಿಗೆ ವಿಷಯ ಗೊತ್ತಾದದ್ದು ಪತ್ರಿಕೆಯಿಂದ, ಅಂದರೆ ನನ್ನಿಂದ. ಅಂದಿನಿಂದ ಇಂದಿನವರೆಗೆ ಆ ಶೀರ್ಷಿಕೆ ನನ್ನನ್ನು ಬಿಟ್ಟಿಲ್ಲ. ಮೇಜಿನ ಮೇಲೆ ಒಡವೆ ಹರಡಿ, ಅದರ ಹಿಂದೆ ಆರೋಪಿಗಳನ್ನು ನಿಲ್ಲಿಸಿ ತೆಗೆಸುವ ಚಿತ್ರಗಳನ್ನು ಈ ಪತ್ರಿಕೆ ಪ್ರಕಟಿಸದಿರುವುದಕ್ಕೆ ಅದೇ ಕಾರಣ.

ಠಾಣೆಯಲ್ಲಿ ಹೊಡೆಯುವುದೇಕೆ ಎಂಬುದಕ್ಕೆ ಕ್ರೌರ್ಯವೊಂದೇ ಉತ್ತರವಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಒಪ್ಪುವುದಿಲ್ಲ. ಆದರೆ ಆರೋಪಿ ಹೇಳಿದ ಜಾಗದಿಂದ ಮಾಲು ಸಿಕ್ಕರೆ, ಆ ಮಟ್ಟಿಗೆ ಅವನ ಮಾತು ಸಾಕ್ಷ್ಯವಾಗುತ್ತದೆ. ಹೀಗಾಗಿ ಎಲ್ಲ ಒತ್ತಡವೂ ರಿಕವರಿಯ ಮೇಲೆ ಬೀಳುತ್ತದೆ. ಮೇಲಧಿಕಾರಿಗಳ ಮಾಸಿಕ ಸಭೆಯಲ್ಲಿ ಎಷ್ಟು ಪ್ರಕರಣ ಪತ್ತೆಯಾಯಿತು, ಎಷ್ಟು ಗ್ರಾಂ ವಶವಾಯಿತು ಎಂದು ಕೇಳುತ್ತಾರೆ. ಬೆರಳಚ್ಚಿನ ವರದಿಗೆ ಕಾಯಲು, ಗಿರವಿ ಅಂಗಡಿಗಳ ಲೆಕ್ಕ ತಿರುವಿಹಾಕಲು ಬೇಕಾದಷ್ಟು ಜನ ಠಾಣೆಯಲ್ಲಿ ಇರುವುದಿಲ್ಲ. ಇದ್ದವರನ್ನು ಜಾತ್ರೆ, ಬಂದೋಬಸ್ತು, ಮಂತ್ರಿಗಳ ಪ್ರವಾಸಕ್ಕೆ ಕಳಿಸುತ್ತಾರೆ. ತನಿಖೆಯ ಕೆಲಸವನ್ನೂ ಕಾನೂನು ಸುವ್ಯವಸ್ಥೆಯ ಕೆಲಸವನ್ನೂ ಬೇರ್ಪಡಿಸಿ ಎಂದು ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2006ರಲ್ಲಿ. ಗುಡಿಸಲಿಗೆ ನುಗ್ಗುವ ಕಾನ್‌ಸ್ಟೆಬಲ್ ಕೂಡ ಅನೇಕ ಸಲ ಕೂಲಿಕಾರನ ಮಗನೇ ಆಗಿರುತ್ತಾನೆ. ಅವನ ಮೇಲೆ ನನಗೆ ದ್ವೇಷವಿಲ್ಲ. ಅವನಿಗೆ ಕಲಿಸಿದ ಸುಲಭದ ದಾರಿಯ ಮೇಲೆ ಸಿಟ್ಟಿದೆ.

ಕಳ್ಳತನದ ಆರೋಪ ಹೊತ್ತ ಬಡವನಿಗೆ ಶಿಕ್ಷೆ ತೀರ್ಪಿಗಿಂತ ಬಹಳ ಮೊದಲೇ ಆರಂಭವಾಗುತ್ತದೆ. ಜಾಮೀನು ಮಂಜೂರಾದರೂ ಜಾಮೀನುದಾರ ಬೇಕು, ಅವನ ಕೈಯಲ್ಲಿ ಪಹಣಿ ಇರಬೇಕು. ನೆಲವೇ ಇಲ್ಲದವರ ಬಳಗದಲ್ಲಿ ಪಹಣಿ ಯಾರ ಬಳಿ ಇರುತ್ತದೆ? 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗೌಂಡಿಗೆ ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಭದ್ರತೆ ಕೇಳಿದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಜಾಮೀನನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಮೊತ್ತವನ್ನು ಒಂದು ಸಾವಿರಕ್ಕೆ ಇಳಿಸಿ, ಬಡವನಿಗೆ ಇಂಥ ಷರತ್ತು ಎಂದರೆ ಜಾಮೀನು ನಿರಾಕರಿಸಿದಂತೆಯೇ ಎಂದು ಬರೆದರು. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ ನೂರು ಜನರಲ್ಲಿ ಸುಮಾರು 76 ಜನ ವಿಚಾರಣಾಧೀನರು. ತಪ್ಪು ಮಾಡಿದ್ದಾರೆಂದು ಇನ್ನೂ ಯಾವ ನ್ಯಾಯಾಧೀಶರೂ ಹೇಳದ ಜನ ಅವರು.

ಇಷ್ಟಾದರೂ ನ್ಯಾಯದ ಕಡೆಯಿಂದ ಏನೂ ನಡೆದಿಲ್ಲ ಎಂದರೆ ತಪ್ಪಾಗುತ್ತದೆ. ಬಂಧಿಸುವಾಗ ಮೆಮೊ ಬರೆಯಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರಿಗೆ ತೋರಿಸಬೇಕು ಎಂಬ ನಿಯಮಗಳನ್ನು ಸುಪ್ರೀಂ ಕೋರ್ಟು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಹಾಕಿಕೊಟ್ಟಿತು. ಆ ಪ್ರಕರಣ ಶುರುವಾದದ್ದು ಬಸು ಅವರು ಮುಖ್ಯ ನ್ಯಾಯಮೂರ್ತಿಗೆ ಬರೆದ ಒಂದು ಪತ್ರದಿಂದ. ಪತ್ರಗಳನ್ನೇ ನಂಬಿ ಬದುಕುವ ನನ್ನಂಥವನಿಗೆ ಇದು ಹೆಮ್ಮೆಯ ಸಂಗತಿ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಬಂಧಿಸಬೇಡಿ, ನೋಟಿಸು ಕೊಟ್ಟು ಕರೆಯಿರಿ ಎಂದು 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. 2024ರ ಮೇ ತಿಂಗಳಲ್ಲಿ, ಹಿಂದುಳಿದ ಮತ್ತು ಪರಿಶಿಷ್ಟ ಸಮುದಾಯಗಳವರ ಹೆಸರುಗಳನ್ನು ಯಾಂತ್ರಿಕವಾಗಿ ಹಿಸ್ಟರಿ ಶೀಟಿಗೆ ಸೇರಿಸಬಾರದು ಎಂದು ಎಲ್ಲ ರಾಜ್ಯಗಳನ್ನು ಎಚ್ಚರಿಸಿತು. ಅದೇ ವರ್ಷ ಅಕ್ಟೋಬರ್ 3ರಂದು, ಜೈಲುಗಳಲ್ಲಿನ ಜಾತಿ ಭೇದದ ಬಗ್ಗೆ ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಹೂಡಿದ ಪ್ರಕರಣದಲ್ಲಿ, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸದ ಹಾಗೆ ಪೊಲೀಸರು ನೋಡಿಕೊಳ್ಳಬೇಕು ಎಂದು ನಿರ್ದೇಶಿಸಿತು. ತೀರ್ಪುಗಳು ದೆಹಲಿಯಿಂದ ನಿಮ್ಮೂರಿನ ಠಾಣೆಯ ಪಡಸಾಲೆಯವರೆಗೆ ನಡೆದು ಬರಬೇಕಾಗಿದೆ. ಅವನ್ನು ಅಲ್ಲಿಗೆ ಮುಟ್ಟಿಸುವ ಕೆಲಸದಲ್ಲಿ ನಿಮ್ಮಂಥ ದೂರುದಾರರ ಮಾತಿಗೆ ಇರುವ ಬಲ ನನ್ನ ಲೇಖನಕ್ಕೆ ಇಲ್ಲ. ಏಕೆಂದರೆ ಆ ಹುಡುಗರನ್ನು ತಂದದ್ದು ನಿಮ್ಮ ದೂರಿನ ಹೆಸರಿನಲ್ಲಿ.

ಬಡತನ ಕಳ್ಳತನಕ್ಕೆ ಪರವಾನಗಿಯಲ್ಲ, ಅಕ್ಕೋರೇ. ನಿಮ್ಮ ಸರ ಒಯ್ದವನು ಗುಡಿಸಲಿನವನೇ ಆಗಿದ್ದರೂ ಅವನು ಕಟಕಟೆಯಲ್ಲಿ ನಿಲ್ಲಲೇಬೇಕು. ಅವನನ್ನು ಅಲ್ಲಿಗೆ ತರುವುದು ಸಾಕ್ಷ್ಯವಾಗಿರಬೇಕು, ವಿಳಾಸವಾಗಿರಬಾರದು.

ನಿಮ್ಮಿಂದ ಆಗುವ ಕೆಲಸ ಒಂದೆರಡಿವೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಟ್ಟಿದ್ದಾರೆಯೇ ನೋಡಿ. ತನಿಖೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೆಯ ಕಲಮು ಹೇಳುತ್ತದೆ. ಆ ಗಡುವಿಗೆ ಇನ್ನೂ ಒಂದು ತಿಂಗಳಿದೆ. ಬೆರಳಚ್ಚು ತೆಗೆದಿದ್ದೀರಾ, ಗಿರವಿ ಅಂಗಡಿಗಳಲ್ಲಿ ವಿಚಾರಿಸಿದ್ದೀರಾ ಎಂದು ಬರಹದಲ್ಲಿಯೇ ಕೇಳಿ, ಸ್ವೀಕೃತಿ ಪಡೆಯಿರಿ. ಬಂಧಿತರ ಹೆಸರು, ವಿಳಾಸಗಳನ್ನು ಪ್ರತಿ ಠಾಣೆಯಲ್ಲೂ ಕಾಣುವಂತೆ ಪ್ರದರ್ಶಿಸಬೇಕು ಎಂಬುದು ಅದೇ ಸಂಹಿತೆಯ 37ನೆಯ ಕಲಮು. ಆ ಇಬ್ಬರು ಹುಡುಗರನ್ನು ತಂದ ದಿನ ಅವರ ಹೆಸರನ್ನು ಎಲ್ಲಿಯಾದರೂ ಬರೆದಿದ್ದರೇ, ಬಿಟ್ಟ ಮೇಲೆ ಯಾವುದಾದರೂ ಪಟ್ಟಿಗೆ ಸೇರಿಸಿದ್ದಾರೆಯೇ ಎಂದೂ ಕೇಳಿ. ಠಾಣೆಯವರು ಏನು ಹೇಳಿದರೆಂದು ನಮಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಈ ಪುಟವನ್ನು ನಿಮ್ಮ ಪತ್ರಕ್ಕಾಗಿ ಕಾದಿರಿಸಿದ್ದೇನೆ.