ಬಿಸಿ ಎಣ್ಣೆ ಟ್ಯಾಂಕಿನ ಸೈಡ್ ಮಿಕ್ಸರಿಗೆ 5 ಎಚ್‌ಪಿ ಸಾಕೋ, 15 ಎಚ್‌ಪಿ ಬೇಕೋ?

ನೀವು ಕೊಟ್ಟ ಅಂಕಿಗಳನ್ನೇ ಹಿಡಿದು ಹೇಳುತ್ತೇನೆ. 8 ಮೀಟರ್ ವ್ಯಾಸದ ಟ್ಯಾಂಕು, 7 ಮೀಟರ್ ಎತ್ತರಕ್ಕೆ ಫರ್ನೇಸ್ ಆಯಿಲ್ (ಬಾಯ್ಲರ್, ಕುಲುಮೆಗಳಲ್ಲಿ ಉರಿಸುವ ಮಂದ ಎಣ್ಣೆ), ಅಂದರೆ ಸುಮಾರು 350 ಘನ ಮೀಟರ್. ತಳದಲ್ಲಿ ಎಣ್ಣೆ ಬಿಸಿ ಮಾಡಲು ಸ್ಟೀಮ್ ಕಾಯಿಲ್ (ಹಬೆ ಹರಿಯುವ ಕೊಳವೆ). ಎಣ್ಣೆ 60 ಡಿಗ್ರಿಯಲ್ಲಿ ಇರಬೇಕು. ಪಕ್ಕದಿಂದ ಕೂರಿಸುವ ಮಿಕ್ಸರಿಗೆ (ಗೋಡೆಯ ಮೂಲಕ ಒಳಗೆ ಚಾಚಿದ ಶಾಫ್ಟಿನ ತುದಿಯ ಪ್ರೊಪೆಲ್ಲರಿನಿಂದ ಎಣ್ಣೆ ಕಲಕುವ ಯಂತ್ರ) ಒಬ್ಬ ಸಪ್ಲೈಯರ್ 5 ಎಚ್‌ಪಿ ಸಾಕು ಎನ್ನುತ್ತಾನೆ, ಇನ್ನೊಬ್ಬ 15 ಬೇಕೇ ಬೇಕು ಎನ್ನುತ್ತಾನೆ.

ಮಿಕ್ಸರ್ ಯಾತಕ್ಕೆ ಅಂತ ಇಬ್ಬರಿಗೂ ಹೇಳಿದ್ದೀರಾ? ಉಷ್ಣತೆ ಎಲ್ಲ ಕಡೆ ಒಂದೇ ಇರಲಿ ಎಂದೋ, ಎರಡು ಎಣ್ಣೆ ಬೆರೆಸಲೋ, ತಳದ ಕೆಸರು ಎಬ್ಬಿಸಲೋ? ಮೂರಕ್ಕೂ ಬೇರೆ ಬೇರೆ ಗಾತ್ರ ಬರುತ್ತದೆ. ನಿಮ್ಮ ಪ್ರಶ್ನೆ ಓದಿದರೆ ಮೊದಲನೆಯದು ಎನಿಸುತ್ತದೆ, ಮೂರರಲ್ಲಿ ಅದೇ ಹಗುರ. ಆ ಲೆಕ್ಕದಲ್ಲೇ ಮುಂದೆ ಹೋಗುತ್ತೇನೆ.

ಎಚ್‌ಪಿಯಿಂದ ಶುರು ಮಾಡಬೇಡಿ, ಹರಿವಿನಿಂದ ಶುರು ಮಾಡಿ. ಪ್ರೊಪೆಲ್ಲರ್ ತಳ್ಳುವ ಎಣ್ಣೆ ಎಂದರೆ ಫ್ಲೋ ನಂಬರ್ (ಪ್ರೊಪೆಲ್ಲರಿನ ಆಕಾರಕ್ಕೆ ತಕ್ಕ ಗುಣಾಂಕ), ಸೆಕೆಂಡಿಗೆ ಎಷ್ಟು ಸುತ್ತು ಎಂಬುದು, ವ್ಯಾಸದ ಘನ, ಈ ಮೂರರ ಗುಣಲಬ್ಧ. ಮರೀನ್ ಪ್ರೊಪೆಲ್ಲರಿಗೆ ಫ್ಲೋ ನಂಬರ್ 0.45 ಎಂದು ಹಿಡಿಯಿರಿ. ಅರ್ಧ ಮೀಟರ್ ವ್ಯಾಸ, 350 ಆರ್‌ಪಿಎಂ (ಸೆಕೆಂಡಿಗೆ 5.83 ಸುತ್ತು) ಇದ್ದರೆ ಸೆಕೆಂಡಿಗೆ 0.33 ಘನ ಮೀಟರ್ ಬರುತ್ತದೆ. ಅಂದರೆ ಇಡೀ ಟ್ಯಾಂಕಿನಷ್ಟು ಎಣ್ಣೆ ಸುಮಾರು 18 ನಿಮಿಷಕ್ಕೊಮ್ಮೆ ಪ್ರೊಪೆಲ್ಲರ್ ಮೂಲಕ ಹಾದುಹೋಗುತ್ತದೆ. ಆ ಧಾರೆ ತನ್ನ ಜೊತೆ ಸುತ್ತಲಿನ ಎಣ್ಣೆಯನ್ನೂ ಎಳೆದುಕೊಂಡು ಹೋಗುವುದರಿಂದ ನಿಜವಾದ ಕಲಕಾಟ ಇದಕ್ಕಿಂತ ಜಾಸ್ತಿಯೇ. ಉಷ್ಣತೆ ಸಮ ಇಡಲು ಇದು ಧಾರಾಳ.

ಈಗ ಪವರ್. ಪವರ್ ನಂಬರ್ (ಪ್ರೊಪೆಲ್ಲರ್ ಎಷ್ಟು ಶಕ್ತಿ ನುಂಗುತ್ತದೆ ಎಂಬುದರ ಗುಣಾಂಕ) × ಸಾಂದ್ರತೆ × ಸುತ್ತಿನ ಘನ × ವ್ಯಾಸದ ಐದನೇ ಘಾತ. 60 ಡಿಗ್ರಿಯಲ್ಲಿ ಎಣ್ಣೆಯ ಸಾಂದ್ರತೆ ಘನ ಮೀಟರಿಗೆ 950 ಕೆಜಿ, ವಿಸ್ಕಾಸಿಟಿ (ಎಣ್ಣೆಯ ಮಂದತನ, ಅಳತೆ ಸೆಂಟಿಪಾಯ್ಸಿನಲ್ಲಿ) 200 ಸೆಂಟಿಪಾಯ್ಸ್ ಎಂದುಕೊಂಡರೆ ರೆನಾಲ್ಡ್ಸ್ ನಂಬರ್ (ಹರಿವಿನ ಬಗೆ ಹೇಳುವ ಅಂಕಿ, ಎಣ್ಣೆ ಮಂದವಾದಷ್ಟೂ ಇಳಿಯುತ್ತದೆ) 6900ರ ಹತ್ತಿರ ಬರುತ್ತದೆ. ಅಲ್ಲಿ ಪವರ್ ನಂಬರ್ 0.4 ಹಿಡಿದರೆ ಶಾಫ್ಟಿನಲ್ಲಿ 2.4 ಕಿಲೋವ್ಯಾಟ್. ಗೇರ್‌ಬಾಕ್ಸ್, ಸೀಲ್ (ಶಾಫ್ಟಿನ ಸುತ್ತ ಎಣ್ಣೆ ಸೋರದಂತೆ ತಡೆಯುವುದು) ನಷ್ಟ ಸೇರಿಸಿದರೆ 2.8. ಮುಂದಿನ ಸೈಜ್ ಮೋಟಾರ್ 3.7 ಕಿಲೋವ್ಯಾಟ್, ಅದೇ 5 ಎಚ್‌ಪಿ. ಮೊದಲನೆಯವನ ಲೆಕ್ಕ ಇಲ್ಲಿಂದಲೇ ಬಂದಿರಬೇಕು.

ಆದರೆ ಅವನು ಬಿಸಿ ಎಣ್ಣೆಗೆ ಮಾತ್ರ ಲೆಕ್ಕ ಹಾಕಿದ್ದಾನೆ. ಸ್ಟೀಮ್ ನಿಂತು ನಾಲ್ಕು ದಿನವಾಗಿ, ಎಣ್ಣೆ 30 ಡಿಗ್ರಿಗೆ ಇಳಿದು, ವಿಸ್ಕಾಸಿಟಿ 2000ಕ್ಕೆ ಏರಿದೆ ಎಂದುಕೊಳ್ಳಿ. ರೆನಾಲ್ಡ್ಸ್ ನಂಬರ್ 690ಕ್ಕೆ ಬೀಳುತ್ತದೆ, ಪವರ್ ನಂಬರ್ 0.55ರ ಆಸುಪಾಸಿಗೆ ಏರುತ್ತದೆ. ಶಾಫ್ಟಿಗೆ 3.2, ನಷ್ಟ ಸೇರಿ 3.8 ಕಿಲೋವ್ಯಾಟ್. 5 ಎಚ್‌ಪಿ ಮೋಟಾರ್ ಅಲ್ಲಿಗೇ ಓವರ್‌ಲೋಡ್. ಇನ್ನೂ ತಣ್ಣಗಾದರೆ ಕೇಳುವುದೇ ಬೇಡ. ನಾನಾದರೆ 5.5 ಕಿಲೋವ್ಯಾಟ್, ಅಂದರೆ 7.5 ಎಚ್‌ಪಿ ಹಾಕಿ, ಎಣ್ಣೆ ಇಂತಿಷ್ಟು ಬಿಸಿಯಾಗುವವರೆಗೆ ಮಿಕ್ಸರ್ ಚಾಲೂ ಆಗದಂತೆ ಒಂದು ಇಂಟರ್‌ಲಾಕ್ ಇಡುತ್ತೇನೆ. ವಿಎಫ್‌ಡಿ (ಮೋಟಾರಿನ ಸ್ಪೀಡ್ ಬದಲಿಸುವ ಸಾಧನ) ಕೊಂಡರೆ ಇನ್ನೂ ಒಳ್ಳೆಯದು: ಸ್ಪೀಡ್ ಸ್ವಲ್ಪ ಇಳಿಸಿದರೂ ಪವರ್ ಹೆಚ್ಚುಕಡಿಮೆ ಘನದ ಲೆಕ್ಕದಲ್ಲಿ ಇಳಿಯುತ್ತದೆ.

15 ಎಚ್‌ಪಿಯವನು ಬಹುಶಃ "ಬೇಗ ಬಿಸಿಯಾಗುತ್ತದೆ" ಎಂದಿರುತ್ತಾನೆ. ಅದೇ ಪ್ರೊಪೆಲ್ಲರನ್ನು ಜೋರಾಗಿ ತಿರುಗಿಸಿದರೆ, ಎಣ್ಣೆ ಬದಿಯ ಶಾಖ ವರ್ಗಾವಣೆ ಸ್ಪೀಡಿನ ಸುಮಾರು ಮೂರನೇ ಎರಡು (2/3) ಘಾತದಷ್ಟು ಏರುತ್ತದೆ, ಪವರ್ ಮಾತ್ರ ಘನದಷ್ಟು. ಮೂರು ಪಟ್ಟು ಪವರ್ ಸುರಿದರೂ ಶಾಖ ವರ್ಗಾವಣೆಯಲ್ಲಿ ಸಿಗುವುದು ಶೇ. 28ರಷ್ಟು ಹೆಚ್ಚಳ. ನಿಂತ ಎಣ್ಣೆಯಿಂದ ಕಲಕಿದ ಎಣ್ಣೆಗೆ ಹೋದಾಗ ಸಿಗುವ ಲಾಭ ದೊಡ್ಡದು, ಆಮೇಲಿನದು ಚಿಲ್ಲರೆ. 350 ಘನ ಮೀಟರನ್ನು 30ರಿಂದ 60ಕ್ಕೆ ಏರಿಸಲು ಸುಮಾರು 20 ಗಿಗಾಜೂಲ್ ಬೇಕು. ಮಿಕ್ಸರಿನ 2.4 ಕಿಲೋವ್ಯಾಟ್ ಪೂರ್ತಿ ಶಾಖವಾದರೂ, ಹೊರಗೆ ಒಂದಿಷ್ಟೂ ಸೋರದಿದ್ದರೂ, ಮೂರು ತಿಂಗಳು ಹಿಡಿಯುತ್ತದೆ! ಬಿಸಿ ಸಾಲದಿದ್ದರೆ ದುಡ್ಡನ್ನು ಕಾಯಿಲ್ ಮೇಲೆ ಹಾಕಿ.

ಹೆಚ್ಚು ಹರಿವೇ ಬೇಕೆಂದರೂ ದೊಡ್ಡ ಮೋಟಾರ್ ಕೊನೆಯ ದಾರಿ. ಅಷ್ಟೇ ಪವರಿಗೆ 0.6 ಮೀಟರ್ ಪ್ರೊಪೆಲ್ಲರನ್ನು 258 ಆರ್‌ಪಿಎಂನಲ್ಲಿ ತಿರುಗಿಸಿದರೆ ಹರಿವು ಕಾಲು ಭಾಗದಷ್ಟು ಹೆಚ್ಚುತ್ತದೆ. ಟಾರ್ಕ್ (ಶಾಫ್ಟನ್ನು ತಿರುಚುವ ಬಲ) ಮಾತ್ರ ಶೇ. 36 ಏರುವುದರಿಂದ ಗೇರ್‌ಬಾಕ್ಸ್, ಶಾಫ್ಟ್ ದಪ್ಪಗಾಗುತ್ತವೆ.

ಕೂರಿಸುವ ಕೋನದ ಬಗ್ಗೆ: ಶಾಫ್ಟ್ ನೇರ ಟ್ಯಾಂಕಿನ ನಡುಮಧ್ಯಕ್ಕೆ ಮುಖ ಮಾಡಬಾರದು. 7ರಿಂದ 10 ಡಿಗ್ರಿ ಪಕ್ಕಕ್ಕೆ ತಿರುಗಿರಬೇಕು. ಯಾವ ಪಕ್ಕಕ್ಕೆ ಎಂಬುದು ಪ್ರೊಪೆಲ್ಲರ್ ಸುತ್ತುವ ದಿಕ್ಕಿನ ಮೇಲಿದೆ. ತಪ್ಪಿದರೆ ಎಣ್ಣೆಯೆಲ್ಲ ಒಟ್ಟಾಗಿ ಗರಗರ ಸುತ್ತುತ್ತದೆ, ಮೇಲಿನದು ಕೆಳಗೆ ಬರುವುದಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದು ಟ್ಯಾಂಕಿನಲ್ಲಿ ಗೇಜ್ 62 ತೋರಿಸುತ್ತಿತ್ತು, ಆದರೂ ಪಂಪಿನ ಸ್ಟ್ರೇನರ್ (ಸೋಸುವ ಜಾಲರಿ) ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಕೊನೆಗೆ ಡಿಪ್ ಹ್ಯಾಚಿನಿಂದ (ಟ್ಯಾಂಕಿನ ಮೇಲಿನ ಅಳತೆ ಬಾಯಿ) ದಾರ ಕಟ್ಟಿ ಥರ್ಮಾಮೀಟರ್ ಇಳಿಬಿಟ್ಟರೆ, ಎದುರು ಬದಿಯಲ್ಲಿ 41! ಗೇಜಿನ ಥರ್ಮೋವೆಲ್ (ಉಷ್ಣತೆ ಅಳೆಯುವ ಕಡ್ಡಿ ಕೂರುವ ಕೊಳವೆ) ಕಾಯಿಲಿಗೆ ಅಂಟಿಕೊಂಡಂತೆ ಇತ್ತು, ಅದು ಒಂದು. ಇನ್ನೊಂದು, ಮೋಟಾರ್ ರೀವೈಂಡ್ ಆಗಿ ಬಂದಾಗ ಎರಡು ಫೇಸ್ ಅದಲುಬದಲಾಗಿ ಪ್ರೊಪೆಲ್ಲರ್ ಉಲ್ಟಾ ತಿರುಗುತ್ತಿತ್ತು. ಆಂಪಿಯರ್ ನೋಡಿ ಎಲ್ಲ ಸರಿಯಿದೆ ಅಂದುಕೊಂಡಿದ್ದೆವು. ಕಪ್ಲಿಂಗ್ ಗಾರ್ಡಿನ ಮೇಲೆ ಬಾಣದ ಗುರುತು ಬರೆಯಿಸಿ, ಪ್ಲೀಸ್.

ಲೋ ಲೆವೆಲ್ ಟ್ರಿಪ್ ಬಿಡಬೇಡಿ. ಪ್ರೊಪೆಲ್ಲರಿನ ಮೇಲೆ ಕನಿಷ್ಠ ಎರಡು ವ್ಯಾಸದಷ್ಟು, ನಿಮ್ಮ ಲೆಕ್ಕದಲ್ಲಿ ಒಂದು ಮೀಟರ್ ಎಣ್ಣೆ ಇಲ್ಲದಿದ್ದರೆ ಮಿಕ್ಸರ್ ತಾನಾಗಿ ನಿಲ್ಲಬೇಕು. ಇಲ್ಲದಿದ್ದರೆ ಸುಳಿ ಬಿದ್ದು ಗಾಳಿ ಎಳೆಯುತ್ತದೆ, ಶಾಫ್ಟ್ ಒದರುತ್ತದೆ, ಮೊದಲು ಸಾಯುವುದು ಸೀಲ್. ಟ್ಯಾಂಕ್ ತುಂಬಿರುವಾಗಲೇ ಸೀಲ್ ಬದಲಿಸಲು ಬರುವಂತಹ ಶಟ್‌ಆಫ್ ಇರುವ ಮಾಡೆಲನ್ನೇ ಕೇಳಿ. ನಾಜಲ್ಲಿಗೆ (ಟ್ಯಾಂಕಿನ ಗೋಡೆಯಲ್ಲಿ ಮಿಕ್ಸರ್ ಕೂರುವ ಬಾಯಿ) ಎಷ್ಟು ತೂಕ, ಎಷ್ಟು ಥ್ರಸ್ಟ್ (ಪ್ರೊಪೆಲ್ಲರಿನ ತಳ್ಳುವ ಬಲ) ಬೀಳುತ್ತದೆ ಎಂಬುದನ್ನು ಟ್ಯಾಂಕ್ ಕಟ್ಟುವವರಿಗೆ ಮೊದಲೇ ಕೊಡಿ. ತೆಳು ಪ್ಲೇಟಿಗೆ ಆಮೇಲೆ ಬಲ ಕೊಡುವ ಪ್ಯಾಡ್ ಹಚ್ಚುವುದು ತಲೆನೋವು.

ಇನ್ನು ತಳದಲ್ಲಿ ನೀರು ನಿಂತಿದ್ದರೆ ಮೊದಲು ಡ್ರೇನ್ ಮಾಡಿ. 60ರಲ್ಲಿ ತೊಂದರೆಯಿಲ್ಲ, ಆದರೆ ಯಾರಾದರೂ 100 ದಾಟಿಸಿದ ದಿನ ಒಂದು ಲೀಟರ್ ನೀರು 1600 ಲೀಟರಿಗೂ ಹೆಚ್ಚು ಆವಿಯಾಗಿ, ಎಣ್ಣೆಯನ್ನು ನೊರೆಯ ಸಮೇತ ಮೇಲಕ್ಕೆ ಉಕ್ಕಿಸುತ್ತದೆ.

15 ಎಚ್‌ಪಿಯವನನ್ನು ಪೂರ್ತಿ ತಳ್ಳಿಹಾಕುವ ಮೊದಲು, ಅವನು ಹಿಡಿದ ವಿಸ್ಕಾಸಿಟಿ ಎಷ್ಟು, ಪ್ರೊಪೆಲ್ಲರ್ ವ್ಯಾಸ ಎಷ್ಟು, ಶಾಫ್ಟ್ ಪವರ್ ಎಷ್ಟು ಎಂದು ಕೇಳಿ. 5000 ಸೆಂಟಿಪಾಯ್ಸ್, ಜೊತೆಗೆ ದೊಡ್ಡ ಪ್ರೊಪೆಲ್ಲರ್ ಎಂದರೆ ಅವನ ಲೆಕ್ಕ ಅರ್ಥವಾಗುತ್ತದೆ. ಆದರೆ ಅಷ್ಟು ಗಟ್ಟಿ ಎಣ್ಣೆಗೆ ಸೈಡ್ ಪ್ರೊಪೆಲ್ಲರ್ ಸರಿಯಾದ ಆಯ್ಕೆಯೇ ಅಲ್ಲ. ನಿಮ್ಮ ಎಣ್ಣೆಯ ವಿಸ್ಕಾಸಿಟಿಯನ್ನು 30, 45, 60 ಡಿಗ್ರಿಯಲ್ಲಿ ಲ್ಯಾಬಿನಿಂದ ತೆಗೆಸಿ ಇಲ್ಲೇ ಹಾಕಿ, ಮೇಲಿನ ಲೆಕ್ಕವನ್ನು ಅದಕ್ಕೆ ಹೊಂದಿಸಿ ಮತ್ತೆ ಮಾಡಿಕೊಡುತ್ತೇನೆ.