ಕಂಕುಳಿನ ಆರ್ಟರಿ ಪುಸ್ತಕದ ಥರ ಇಲ್ಲ ಅಂದ್ರೆ ತಪ್ಪು ನಿಮ್ದಲ್ಲ

ಡಿಸೆಕ್ಷನ್ ಮಾಡುವಾಗ ಎಡಗಡೆ ಆಕ್ಸಿಲರಿ ಆರ್ಟರಿ, ಅಂದ್ರೆ ಕಂಕುಳಿನಿಂದ ಕೈಗೆ ರಕ್ತ ಒಯ್ಯೋ ದೊಡ್ಡ ನಾಳ, ಅದರ ಬ್ರಾಂಚುಗಳಾದ ಲ್ಯಾಟರಲ್ ಥೊರಾಸಿಕ್ಕು, ಪೋಸ್ಟೀರಿಯರ್ ಸರ್ಕಮ್‌ಫ್ಲೆಕ್ಸ್ ಹ್ಯೂಮರಲ್ಲು ಎರಡೂ ಸಬ್‌ಸ್ಕ್ಯಾಪುಲರ್ ಜೊತೆ ಒಂದೇ ದಪ್ಪ ಕಾಂಡದಿಂದ ಬರ್ತಿದೆ, ನಾವೇ ತಪ್ಪು ಕಟ್ ಮಾಡಿದ್ವಾ ಅಂತ ಕೇಳಿದ್ರಲ್ಲ, ಇಲ್ಲ ರೀ, ಇದು ವೇರಿಯೇಶನ್ನು, ಡಿಸೆಕ್ಷನ್ ಹಾಲಲ್ಲಿ ಆಗಾಗ ಸಿಗೋದೇ. ಪುಸ್ತಕದ 1-2-3 ಲೆಕ್ಕ, ಅಂದ್ರೆ ಆ ಆರ್ಟರಿಯನ್ನ ಮೂರು ಭಾಗ ಮಾಡಿ ಮೊದಲ ಭಾಗಕ್ಕೆ ಒಂದು ಬ್ರಾಂಚು, ಎರಡನೇದಕ್ಕೆ ಎರಡು, ಮೂರನೇದಕ್ಕೆ ಮೂರು ಅನ್ನೋದು ನೆನಪಿಟ್ಕೊಳ್ಳೋಕೆ ಚೆನ್ನಾಗಿದೆ ಅಷ್ಟೇ, ಬಾಡಿ ಅದನ್ನ ಓದಿರಲ್ವಲ್ಲ.

ಭ್ರೂಣದಲ್ಲಿ ಕೈ ಮೊಳಕೆಯೊಡೆಯುವಾಗ ಅಲ್ಲಿ ಸಣ್ಣ ರಕ್ತನಾಳಗಳ ಒಂದು ಬಲೆ ಇರುತ್ತೆ, ರಕ್ತ ಜಾಸ್ತಿ ಹರಿದ ದಾರಿ ದಪ್ಪ ಆಗಿ ಉಳ್ಕೊಳ್ಳುತ್ತೆ, ಉಳಿದದ್ದು ಮಾಯ, ಹಾಗಾಗಿ ಯಾವ ದಾರಿ ಉಳೀತು ಅನ್ನೋದರ ಮೇಲೆ ಬ್ರಾಂಚ್ ಎಲ್ಲಿಂದ ಹೊರಡುತ್ತೆ ಅನ್ನೋದು ಬದಲಾಗುತ್ತೆ. ಬಲಗಡೆ ಬೇರೆ ಥರಾನೇ ಇರಬಹುದು, ಅದನ್ನೂ ಬಿಡಿಸಿ ನೋಡಿ.

ಹೆಸರು ಹೇಳುವಾಗ ಎಲ್ಲಿಂದ ಬಂತು ಅಂತ ನೋಡ್ಬೇಡಿ, ಎಲ್ಲಿಗೆ ಹೋಗುತ್ತೆ ನೋಡಿ: ಆಕ್ಸಿಲರಿ ನರದ ಜೊತೆ ಭುಜದ ಹಿಂದಿನ ನಾಲ್ಕು ಮೂಲೆಯ ಸಂದಿ, ಅಂದ್ರೆ ಕ್ವಾಡ್ರ್ಯಾಂಗ್ಯುಲರ್ ಸ್ಪೇಸ್‌ಗೆ ನುಗ್ಗಿದ್ರೆ ಪೋಸ್ಟೀರಿಯರ್ ಸರ್ಕಮ್‌ಫ್ಲೆಕ್ಸು, ಬೆನ್ನಿನ ಅಗಲ ಸ್ನಾಯು ಲ್ಯಾಟಿಸಿಮಸ್ ಡಾರ್ಸೈಗೆ ಅದರ ನರದ ಜೊತೆ ಇಳಿದ್ರೆ ಥೊರಾಕೋಡಾರ್ಸಲ್ (ಸಬ್‌ಸ್ಕ್ಯಾಪುಲರ್‌ನದೇ ಬ್ರಾಂಚು). ಒಂದು ಎಡವಟ್ಟು ಮಾತ್ರ ಇದೆ, ಕೆಲವರಲ್ಲಿ ಪೋಸ್ಟೀರಿಯರ್ ಸರ್ಕಮ್‌ಫ್ಲೆಕ್ಸು ಕೆಳಗಡೆ ತೋಳಿನ ಆಳದ ಆರ್ಟರಿ ಪ್ರೊಫಂಡಾ ಬ್ರೇಕಿಯೈಯಿಂದ ಹುಟ್ಟಿ ಮೇಲಕ್ಕೆ ಹತ್ತುತ್ತೆ, ಆಗ ಆ ಸ್ಪೇಸಲ್ಲಿ ಹುಡುಕಿದ್ರೆ ನರ ಒಂದೇ ಸಿಗುತ್ತೆ.

ಇದು ಬರೀ ವೈವಾ ವಿಷಯ ಅಲ್ಲ ಕಣ್ರಿ, ಸ್ತನ ಕ್ಯಾನ್ಸರ್ ಆಪರೇಷನ್ ಆದ್ಮೇಲೆ ಬೆನ್ನಿನ ಲ್ಯಾಟಿಸಿಮಸ್ ಫ್ಲ್ಯಾಪ್ (ರಕ್ತನಾಳ ಸಮೇತ ಬಿಡಿಸಿದ ಸ್ನಾಯು) ತಿರುಗಿಸಿ ಎದೆಗೆ ಹಾಕ್ತಾರಲ್ಲ, ಅದು ಬದುಕೋದೇ ಥೊರಾಕೋಡಾರ್ಸಲ್ ಮೇಲೆ, ಅದರ ಮೂಲದ ಕಾಂಡಕ್ಕೆ ಗೊತ್ತಿಲ್ದೆ ಗಂಟು ಹಾಕಿದ್ರೆ ಕಷ್ಟ. ಕಟ್ ಮಾಡೋಕೆ ಮುಂಚೆ ಒಂದು ಸ್ಕೆಚ್ ಹಾಕಿ ನಿಮ್ಮ ಮೇಡಮ್‌ಗೋ ಸರ್‌ಗೋ ತೋರಿಸಿ, ಖುಷಿ ಪಡ್ತಾರೆ.