ಒರಟು ಬೆರಳು, ಬಂದುಹೋಗುವ ನೆಟ್‌ವರ್ಕ್: ಮೊಬೈಲ್ ಕಲಿಸುವುದು ಹೇಗೆ?

ಪ್ರಶ್ನೆ: ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ಸ್ಮಾರ್ಟ್‌ಫೋನ್ ಹೇಳಿಕೊಡುತ್ತಿದ್ದೇನೆ. ಹೆಚ್ಚಿನವರು ಐವತ್ತು ದಾಟಿದವರು. ಎದುರಿಗೆ ಮಾಡುತ್ತಾರೆ, ಮರುವಾರಕ್ಕೆ ಮರೆತಿರುತ್ತಾರೆ. ನೆಟ್‌ವರ್ಕೂ ಬಂದುಹೋಗುತ್ತದೆ.
(ಗ್ರಂಥಾಲಯ ಮೇಲ್ವಿಚಾರಕಿ, ಜೋಯಿಡಾ ತಾಲ್ಲೂಕು)

ಉತ್ತರ: ಮೊದಲು ಅವರ ಬೆರಳು ನೋಡಿ. ಗದ್ದೆ, ಸೌದೆ ಕೆಲಸದಿಂದ ಒರಟಾಗಿ ಒಣಗಿದ ಬೆರಳನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ಆಗ ಇನ್ನೂ ಜೋರಾಗಿ, ಹೆಚ್ಚು ಹೊತ್ತು ಒತ್ತುತ್ತಾರೆ. ಫೋನು ಅದನ್ನು ಒತ್ತಿ ಹಿಡಿದದ್ದೆಂದು ತಿಳಿದು ಐಕಾನನ್ನೇ ಜರುಗಿಸುತ್ತದೆ. ಹಾಳಾಯಿತೆಂದು ಹೆದರಿದವರು ಮನೆಯಲ್ಲಿ ಮತ್ತೆ ಮುಟ್ಟುವುದಿಲ್ಲ. ಅಭ್ಯಾಸ ತಪ್ಪುವುದು ಅಲ್ಲೇ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ‘ಟಚ್ ಅಂಡ್ ಹೋಲ್ಡ್’ ಅವಧಿ ಹೆಚ್ಚಿಸಿ, ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಬದಲಿಸಿ. ಬೆರಳ ತುದಿಯನ್ನು ತುಸು ತೇವದ ಬಟ್ಟೆಗೆ ಒತ್ತಿಕೊಳ್ಳಲಿ.

ದಿನಕ್ಕೆ ಒಂದೇ ಕೆಲಸ ಸಾಕು. ಫೋನನ್ನು ನೀವು ತೆಗೆದುಕೊಂಡು ಮಾಡಿಕೊಡಬೇಡಿ, ಎಷ್ಟೇ ತಡವಾದರೂ. ವಾಟ್ಸ್ಆ್ಯಪ್ ಧ್ವನಿ ಸಂದೇಶದಿಂದ ಶುರುಮಾಡಿ. ಓದು ಬರಹ ಬೇಕಿಲ್ಲ, ನೆಟ್‌ವರ್ಕ್ ಇಲ್ಲದಾಗಲೂ ರೆಕಾರ್ಡ್ ಆಗುತ್ತದೆ, ಸಿಗ್ನಲ್ ಸಿಕ್ಕಾಗ ತಾನಾಗಿ ಹೋಗುತ್ತದೆ. ಮೈಕ್ ಒತ್ತಿ ಮೇಲಕ್ಕೆ ಸರಿಸಿದರೆ ಬೆರಳು ಬಿಟ್ಟು ಮಾತಾಡಬಹುದು. ಮನೆಗೆ ಹೋದ ಮೇಲೆ ಒಂದು ಸಂದೇಶ ಕಳಿಸುವುದೇ ಆ ವಾರದ ಅಭ್ಯಾಸ.

ಯುಪಿಐ ಅನ್ನು ಆಮೇಲೆ, ಇಬ್ಬಿಬ್ಬರನ್ನು ಕೂರಿಸಿ, 1 ರೂಪಾಯಿ ಕಳಿಸಿಕೊಳ್ಳುವುದರಿಂದ ಕಲಿಸಿ. ಹಣ ಪಡೆಯಲು ಪಿನ್ ಬೇಡ. ‘ಹಣ ಬರುತ್ತದೆ, ಪಿನ್ ಒತ್ತಿ’ ಎಂದವರು ಮೋಸಗಾರರು. ಇದನ್ನು ಪ್ರತಿ ತರಗತಿಯಲ್ಲೂ ಹೇಳಿ. ಹಣ ಹೋಗಿಬಿಟ್ಟರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನೆಟ್‌ವರ್ಕ್ ಕೈಕೊಟ್ಟು ‘ಪೆಂಡಿಂಗ್’ ಎಂದು ಬಂದಾಗ ಮತ್ತೆ ಕಳಿಸಿದರೆ ಎರಡು ಸಲ ಕಡಿತವಾಗಬಹುದು. ವ್ಯಕ್ತಿಗೆ ಕಳಿಸಿದ ಹಣ ಕಡಿತವಾಗಿಯೂ ತಲುಪದಿದ್ದರೆ, ರಿಸರ್ವ್ ಬ್ಯಾಂಕ್ ನಿಯಮದಂತೆ ಮರುದಿನದೊಳಗೆ ವಾಪಸಾಗಬೇಕು.

ಪ್ರಶ್ನೆ: ಕೀಪ್ಯಾಡ್ ಫೋನಿನವರಿಗೆ ಯುಪಿಐನಲ್ಲಿ ಹಣ ಕಳಿಸುವ ದಾರಿ ಇದೆಯೇ?
(ಸಂಘದ ಪುಸ್ತಕ ಬರಹಗಾರ್ತಿ, ಹನೂರು ತಾಲ್ಲೂಕು)

ಉತ್ತರ: ಇದೆ, *99# ಎಂದು ಒತ್ತಿ ಕರೆ ಮಾಡಿದರೆ ಪರದೆಯಲ್ಲಿ ಮೆನು ಬರುತ್ತದೆ. ಇಂಟರ್ನೆಟ್ ಬೇಡ, ಸಿಗ್ನಲ್ ಮಾತ್ರ ಬೇಕು. ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರಿನ ಸಿಮ್ಮೇ ಆಗಿರಬೇಕು. ಡೆಬಿಟ್ ಕಾರ್ಡಿನಿಂದ ಪಿನ್ ಮಾಡಿಕೊಳ್ಳುವಾಗ ಅದರ ಕೊನೆಯ 6 ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು, ವರ್ಷ ಕೇಳುತ್ತದೆ. ತಡಮಾಡಿದರೆ ಮೆನು ಮುಚ್ಚಿಹೋಗಿ ಮೊದಲಿನಿಂದ ಶುರುಮಾಡಬೇಕು, ನಿಧಾನವಾಗಿ ಓದುವವರು ಸೋಲುವುದು ಇಲ್ಲೇ. ಒತ್ತಬೇಕಾದ ಅಂಕಿಗಳನ್ನು ಕ್ರಮವಾಗಿ ಚೀಟಿಯಲ್ಲಿ ಬರೆದುಕೊಡಿ, ಪಿನ್ ಒಂದನ್ನು ಬಿಟ್ಟು. ತರಗತಿಗೆ ಮುಂಚೆಯೇ ಪ್ರತಿಯೊಬ್ಬರ ಸಿಮ್ಮಿನಲ್ಲೂ *99# ಒತ್ತಿ ಮೆನು ಬರುತ್ತದೆಯೇ ನೋಡಿಕೊಳ್ಳಿ.